ಹಿಂಡದ ಕೌದಿ

ಒದ್ದೆಯಾದ ಕೌದಿಯನ್ನು ಒಬ್ಬಳೇ ಹಿಂಡಲು ಆಗುವುದಿಲ್ಲ. ಏಳೆಂಟು ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದದ್ದು ಅದು, ನೀರು ಕುಡಿದರೆ ಕರುವಿನಷ್ಟು ಭಾರವಾಗುತ್ತದೆ. ಆ ತುದಿಗೊಬ್ಬಳು ಈ ತುದಿಗೊಬ್ಬಳು ಎದುರುಬದುರು ನಿಂತು, ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುವಬೇಕು. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಕೆರೆಗೆ ಒಯ್ದು ತೊಳೆಯುವುದು ನಮ್ಮ ಕಡೆಯ ಪದ್ಧತಿ. ಹಾಗಾಗಿ ನಮ್ಮೂರಲ್ಲಿ ಪ್ರತಿ ಹೆಂಗಸಿಗೂ ಒಬ್ಬ ಹಿಂಡುವ ಜೋಡಿ ಇರುತ್ತಾಳೆ. ನನ್ನ ಜೋಡಿ ಪಕ್ಕದ ಮನೆಯ ಶಾಕೀರಾ. ಮೂವತ್ತೊಂದು ವರ್ಷದಲ್ಲಿ ನಾವಿಬ್ಬರೂ ಎಷ್ಟೋ ಸಲ ಮಾತು ಬಿಟ್ಟಿದ್ದೇವೆ, ಹಿಂಡುವುದನ್ನು ಬಿಟ್ಟಿಲ್ಲ.

ನಮ್ಮೂರು ಚಿಕ್ಕೇರೂರಿನಲ್ಲಿ ಬಸ್ಸು ಇಳಿದು ಎರಡು ಮೈಲಿ ನಡೆದರೆ ಸಿಗುತ್ತದೆ. ಊರ ಮುಂದೆ ಕೆರೆ, ಕೆರೆಯ ಮಗ್ಗುಲಿಗೆ ಕುಡಿಯುವ ನೀರಿನ ಬೋರು. ಕೆರೆ ತುಂಬಿದರೆ ಬೋರು ತುಂಬುತ್ತದೆ, ಬೋರು ತುಂಬಿದರೆ ನಳ ಬರುತ್ತದೆ.

ಹೋದ ವರ್ಷ ಮಹಾನವಮಿಗೆ ಮುಂಚಿನ ಶುಕ್ರವಾರ, ಪಂಚಾಯ್ತಿ ಮೆಂಬರ್ ಶಿದ್ಲಿಂಗಪ್ಪ ಒಂದು ಲಾರಿಯ ಮುಂದೆ ಬೈಕು ಓಡಿಸಿಕೊಂಡು ಕೆರೆಯ ಏರಿಗೆ ಬಂದ. ಲಾರಿಯಿಂದ ಏಳು ನೀಲಿ ಡ್ರಮ್ಮು ಇಳಿದವು. ಒಂದೊಂದೂ ಎದೆಮಟ್ಟದ್ದು. ಇಳಿಸಿದ ಲಾರಿಯವನು ನೀರೂ ಕುಡಿಯದೆ ಹೊರಟುಹೋದ.

"ವಿಮಾನದ ಸಬಕಾರ ಐತಿ ಇದರಾಗ," ಅಂದ ಶಿದ್ಲಿಂಗಪ್ಪ, ಆ ಸಾಬೂನನ್ನು ತಾನೇ ಕಾಯಿಸಿ ಮಾಡಿದವನ ಹಾಗೆ. "ಏರ್‌ಪೋರ್ಟಿನ್ಯಾಗ ಹೊಸಾದು ತಂದಾರಂತ, ಹಳೇದು ಬ್ಯಾಡಾಗೇತಿ. ಶಿಗ್ಗಾಂವಿ ದಾಬಾದಾಗ ಈ ಡ್ರೈವರ್ ಸಿಕ್ಕಿದ್ದ. ಎಲ್ಲೆ ಚೆಲ್ಲಲಿ ಅಂತ ಕೇಳಾಕತ್ತಿದ್ದ. ಚೆಲ್ಲೋದ್ಯಾಕೋ ಮಾರಾಯಾ, ನಮ್ಮೂರ ಹೆಣ್ಮಕ್ಳು ಸೋಮವಾರ ಕೌದಿ ತೊಳಿತಾರ, ಅವರಿಗೆ ಕೊಡು ಅಂದೆ. ಪುಕ್ಕಟ! ಬೊಗಸಿ ಹಾಕಿದ್ರ ಕೆರಿ ತುಂಬ ನೊರಿ!"

ಡ್ರಮ್ಮಿನ ಮೇಲೆ ಅಂಟಿಸಿದ್ದ ಚೀಟಿ ಇಂಗ್ಲಿಷಿನಲ್ಲಿತ್ತು. ನಾನು ಅಕ್ಷರ ಕಲಿತದ್ದು ನಲವತ್ತಾರನೇ ವಯಸ್ಸಿಗೆ, ರಾತ್ರಿ ಶಾಲೆಯಲ್ಲಿ, ಅದೂ ಕನ್ನಡ ಮಾತ್ರ. ಆ ಚೀಟಿಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಓದಲು ಬರುವವರನ್ನು ಕರೆದು ಕೇಳಬಹುದಿತ್ತು. ಕೇಳಲಿಲ್ಲ. ಶಿದ್ಲಿಂಗಪ್ಪ, "ಊರಿಗೆ ಹಿರ್ಯಾಕಿ ನೀನು ಉಡಚವ್ವ, ಮೊದಲನೇ ಕೊಡ ನಿಂದ," ಅಂದಾಗ ನಾಚಿಕೆಯಿಲ್ಲದೆ ಕೊಡ ಹಿಡಿದೆ. ಕಾಕಂಬಿಯ ಬಣ್ಣದ ನೀರು ಬಿತ್ತು.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಟಬ್ಬಿನಂಥ ದೊಡ್ಡ ಪ್ಲಾಸ್ಟಿಕ್ ಬುಟ್ಟಿ ಇಟ್ಟು ನೀರು ತುಂಬಿಸಿ, ಆ ಕೊಡವನ್ನು ಸುರಿದು ನಮ್ಮವ್ವನ ಕೌದಿಯನ್ನು ನೆನೆಹಾಕಿದೆ. ಅವ್ವ ತೀರಿಕೊಂಡ ವರ್ಷ ಅವಳ ಎಂಟು ಸೀರೆ ಕೂಡಿಸಿ ನಾನೇ ಹೊಲಿದದ್ದು. ನಡುವೆ ಅವಳ ಕೆಂಪು ಇಳಕಲ್ ಸೀರೆಯ ಸೆರಗು. ಉಳಿದ ಎಲ್ಲ ಕೌದಿಗಳೂ ಕೆರೆಗೆ ಹೋಗುತ್ತವೆ, ಇದೊಂದನ್ನು ಮಾತ್ರ ಮನೆಯಲ್ಲೇ ನೆನೆಸಿ, ಕೆರೆಯಲ್ಲಿ ಮೂರು ನೀರು ಜಾಲಿಸಿ, ಶಾಕೀರಾ ಒಬ್ಬಳ ಕೈಗೇ ಹಿಂಡಲು ಕೊಡುತ್ತಿದ್ದೆ.

ನೊರೆ ಎದ್ದಿತು ನೋಡಿ, ಬುಟ್ಟಿ ದಾಟಿ, ಕಟ್ಟೆ ದಾಟಿ, ತುಳಸಿಯ ಬುಡದವರೆಗೆ. ಶಾಕೀರಾ ಗೋಡೆಯ ಮೇಲಿಂದ ಹಣಿಕಿ ಹಾಕಿದಳು.

"ಉಡಚಕ್ಕ, ನಿನ್ನ ಕೌದಿ ವಿಮಾನ ಏರೇತಿ. ಇನ್ನ ಕೆಳಗ ಇಳಿಯಂಗಿಲ್ಲ ಬಿಡು."

"ನೀನೂ ಒಂದು ಕೊಡ ತಂದುಕೋ ಹೋಗ. ನಾಡಿದ್ದ ಉಳಿತೈತೋ ಇಲ್ಲೋ."

ಹೀಗೆ ಅಂದವಳು ನಾನೇ. ಅದನ್ನು ಮುಚ್ಚಿಡುವುದಿಲ್ಲ.

ಮಧ್ಯಾಹ್ನದ ಬಸ್ಸಿಗೆ ನನ್ನ ತಮ್ಮನ ಮಗಳು ಮಧುಶ್ರೀ ಹಬ್ಬಕ್ಕೆಂದು ಬಂದಳು. ಅವಳು ವಿಮಾನ ನಿಲ್ದಾಣದ ಅಗ್ನಿಶಾಮಕ ದಳದಲ್ಲಿ ಕೆಲಸದಲ್ಲಿದ್ದಾಳೆ. ವಿಮಾನಕ್ಕೆ ಬೆಂಕಿ ಬಿದ್ದರೆ ದೊಡ್ಡ ಗಾಡಿ ಒಯ್ದು ನೊರೆ ಚಿಮ್ಮಿಸಿ ಆರಿಸುವ ಕೆಲಸ. ಅಂಗಳಕ್ಕೆ ಕಾಲಿಟ್ಟವಳು ಹೆಗಲಿನ ಚೀಲ ಇಳಿಸಲೇ ಇಲ್ಲ. ಬುಟ್ಟಿ ನೋಡಿದಳು, ಬಗ್ಗಿ ವಾಸನೆ ನೋಡಿದಳು.

"ಅತ್ತಿ, ಇದು ಎಲ್ಲಿಂದ ಬಂತು?"

"ನಿಮ್ಮ ಏರ್‌ಪೋರ್ಟಿನಿಂದನ ಬಂದೈತಿ. ವಿಮಾನದ ಸಬಕಾರ."

"ಕೈ ಹಾಕೀದಿ ಏನು? ಮೊದಲ ಕೈ ತೊಳಕೋ ಏಳು. ಅಲ್ಲಿ ಬ್ಯಾಡ, ಒಳಗ ಹಂಡೇದಾಗಿನ ನೀರು ತಗೋ."

ಅವಳು ಏರಿಯ ಮೇಲೆ ಹೋಗಿ ಡ್ರಮ್ಮಿನ ಚೀಟಿ ಓದಿಕೊಂಡು ಬಂದಳು. ಬರುವಾಗ ಅವಳ ಮುಖ ನೋಡಿ ನನಗೆ ಕೇಳುವುದೇ ಬೇಡವೆನಿಸಿತು. ಆದರೂ ಕುಳಿತು ಕೇಳಿದೆ. ಅವಳು ಹೇಳಿದ್ದಿಷ್ಟು.

ಆ ಹಳೇ ನೊರೆ ಬೆಂಕಿ ಆರಿಸುವುದರಲ್ಲಿ ಗಟ್ಟಿ. ಆದರೆ ಅದರಲ್ಲಿರುವ ಒಂದು ರಾಸಾಯನಿಕ ಬಿಸಿಲಿಗೂ ಕರಗುವುದಿಲ್ಲ, ಮಣ್ಣಿನಲ್ಲೂ ಕೊಳೆಯುವುದಿಲ್ಲ. ನೆಲಕ್ಕೆ ಬಿದ್ದರೆ ಬಾವಿಗೆ, ಬಾವಿಯಿಂದ ಮೈಯ ರಕ್ತಕ್ಕೆ ಇಳಿದು ವರ್ಷಗಟ್ಟಲೆ ಅಲ್ಲೇ ಕೂರುತ್ತದೆ. ಅದಕ್ಕೇ ಅವರ ನಿಲ್ದಾಣದಲ್ಲಿ ಆ ವಿಷವಿಲ್ಲದ ಹೊಸ ನೊರೆಗೆ ಬದಲಾಯಿಸಿದ್ದಾರೆ. ಆರು ವಾರ ಅದೇ ಕೆಲಸ. ಹಳೆಯದನ್ನು ಡ್ರಮ್ಮಿಗೆ ತುಂಬಿ, ದೂರದಲ್ಲೆಲ್ಲೋ ಇರುವ ಭಾರೀ ಕುಲುಮೆಯಲ್ಲಿ ಸುಡಲು ಒಬ್ಬ ಗುತ್ತಿಗೆದಾರನಿಗೆ ಒಪ್ಪಿಸಿದ್ದರು. ಆ ಗುತ್ತಿಗೆದಾರನ ಲಾರಿಯೇ ಶಿಗ್ಗಾಂವಿ ದಾಬಾದಲ್ಲಿ ನಿಂತು ಚೆಲ್ಲುವ ಜಾಗ ಕೇಳಿದ್ದು.

"ಹೊಸಾದು ಬೆಂಕಿ ಆರಸತೈತೇನ?" ಅಂತ ಕೇಳಿದೆ.

"ಆರಸತೈತಿ. ನಾನ ಆರಿಸಿ ನೋಡೇನಿ. ಗುಂಡಿ ತೋಡಿ ಎಣ್ಣಿ ಸುರುವಿ ಬೆಂಕಿ ಹಚ್ಚಿ ಪರೀಕ್ಷಾ ಮಾಡಿದ್ವಿ. ಒಂದೀಟು ಜಾಸ್ತಿ ಹೊಡಿಬೇಕು, ಪೈಪಿನ ಮೂತಿ ಬ್ಯಾರೆ ಹಾಕಬೇಕು, ಕೈ ಹೊಸಾದಾಗಿ ಪಳಗಿಸಬೇಕು. ಅಷ್ಟ."

"ಹಂಗಾರ ಈ ಕೌದಿ?"

ಮಧುಶ್ರೀ ಫೋನು ಹಿಡಿದು ಅಂಗಳದ ಆಚೆ ಹೋದಳು. ಅವಳ ಸಾಹೇಬರು, ಯಾರೂ ಮುಟ್ಟಬೇಡಿ, ರಜೆ ಮುಗಿಯಲಿ, ಮಂಗಳವಾರ ನೋಡೋಣ ಅಂದರಂತೆ.

ಕೌದಿ ತೊಳೆಯುವುದು ಸೋಮವಾರ.

ಭಾನುವಾರ ನಾನೂ ಮಧುಶ್ರೀಯೂ ಮನೆ ಮನೆ ತಿರುಗಿದೆವು. ಕೇಳಿದವರು ತಲೆ ಆಡಿಸಿದರು, ನಾವು ಹೊಸ್ತಿಲು ದಾಟಿದ ಕೂಡಲೇ ನಕ್ಕರು. ತಳವಾರ ಓಣಿಯ ಜಯಾ ಮಾತ್ರ ಮುಖದ ಮೇಲೇ ಅಂದಳು.

"ನಿಂದು ನೆನಿ ಹಾಕೀದಿ, ಈಗ ನಮಗ ಬ್ಯಾಡ ಅಂತೀ. ಏನು, ಏಳೂ ಡ್ರಮ್ಮು ನಿನಗ ಬೇಕೇನು?"

ನೆನೆಹಾಕಿದ್ದು ಹೌದು. ಶಾಕೀರಾ ಕೂಡ, "ಒಂದ ದಿನದ ನೊರಿಗೆ ಕೆರಿ ಕೆಡತೈತೇನು ಉಡಚಕ್ಕ? ಎಮ್ಮಿ ಬೀಳತಾವು, ಟ್ರ್ಯಾಕ್ಟರ್ ತೊಳಿತಾರ, ಏನಾಗೇತಿ?" ಅಂದು ಒಳಗೆ ಹೋಗಿ ಕೌದಿಗಳ ಗಂಟು ಕಟ್ಟತೊಡಗಿದಳು.

ಶಿದ್ಲಿಂಗಪ್ಪ ಅಂದದ್ದು ಇನ್ನೊಂದು. "ಸಾವಿರ ಮಂದಿ ವಿಮಾನ ಹತ್ತತಾರ, ಯಾರೂ ಸತ್ತಿಲ್ಲ. ನಿನ್ನ ಕೌದಿ ಸಾಯತೈತೇನು? ಮಧುಶ್ರೀಗೆ ಸಾಹೇಬರು ಅಂಜಿಸ್ಯಾರ, ಆಕಿ ನಿನಗ ಅಂಜಿಸ್ಯಾಳ. ನಾ ಊರಿಗೆ ಮಾತು ಕೊಟ್ಟೇನಿ."

"ನೀ ಕೊಟ್ಟಿದ್ದು ಮಾತಲ್ಲ ಶಿದ್ಲಿಂಗಪ್ಪ, ಡ್ರಮ್ಮು," ಅಂದೆ. "ತಿರುಗಿ ಕಳಸು."

"ಎಲ್ಲಿಗೆ ಕಳಸಲಿ? ಲಾರಿಯಂವ ಫೋನ್ ಎತ್ತವಲ್ಲ."

ಅವನು ಕೆಟ್ಟವನಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಊರಿಗೆ ತಂದ ಸಂತೋಷ ಅವನಿಗೆ ಇನ್ನೂ ಇಳಿದಿರಲಿಲ್ಲ, ಅಷ್ಟೇ.

ಸೋಮವಾರ ಸೂರ್ಯ ಹುಟ್ಟುವ ಹೊತ್ತಿಗೆ ನಾನು ಏರಿಯ ಮೇಲಿದ್ದೆ. ಏಳೂ ಡ್ರಮ್ಮು ಕೆರೆಗೆ ಇಳಿಯುವ ಮೆಟ್ಟಿಲಿನ ಬಾಯಿಗೇ ಇದ್ದವು. ಮೊದಲು ತೆಗೆದ ಡ್ರಮ್ಮು ಯಾವುದೆಂದು ನನಗೆ ಗೊತ್ತಿತ್ತು. ಅದರ ಮುಚ್ಚಳ ಸಡಿಲಿತ್ತು. ಕಲ್ಲಿನ ಮೇಲೆ ಕಾಲಿಟ್ಟು, ಮಧುಶ್ರೀಯ ಕೈ ಹಿಡಿದು, ಹತ್ತಿ ಅದರ ಮೇಲೆ ಕುಳಿತೆ. ಕಾಲು ನೆಲಕ್ಕೆ ಎಟಕಲಿಲ್ಲ. ಎಲೆಯಡಿಕೆಯ ಚೀಲ ತೊಡೆಯ ಮೇಲಿತ್ತು. ಕೂರುವುದು ನನಗೆ ಬರುತ್ತದೆ. ಕೌದಿ ಹೊಲಿಯುವವರಿಗೆ ಬೇರೆ ಏನು ಬರದಿದ್ದರೂ ಕೂರುವುದು ಬರುತ್ತದೆ.

ತಲೆಯ ಮೇಲೆ ಗಂಟು ಹೊತ್ತು ಹೆಂಗಸರು ಬಂದರು. ನನ್ನನ್ನು ನೋಡಿ ನಿಂತರು.

"ಏ ಮುದುಕಿ, ಇಳಿ ಕೆಳಗ. ಬಿಸಿಲು ಏರತೈತಿ, ಕೌದಿ ಒಣಗಬೇಕು," ಅಂದಳು ಜಯಾ.

"ಒಣಗತಾವ. ಊರಾಗಿನ ಸಬಕಾರ ಹಚ್ಚಿ ತೊಳೀರಿ."

"ಪುಕ್ಕಟ ಇರೂವಾಗ ನಾವ್ಯಾಕ ರೊಕ್ಕ ಕೊಡೂಣು?"

ಶಿದ್ಲಿಂಗಪ್ಪ ಓಡಿ ಬಂದ. ಲುಂಗಿ ಮೇಲೆತ್ತಿ ಕಟ್ಟಿ, ಉಳಿದ ಆರು ಡ್ರಮ್ಮುಗಳಲ್ಲಿ ಒಂದರ ಬಿರಡೆಗೆ ಕೈ ಹಾಕಿದ. ಮಧುಶ್ರೀ ಅವನಿಗಿಂತ ಮೊದಲು ಹೋಗಿ ಅದರ ಮೇಲೆ ಅಂಗೈ ಇಟ್ಟಳು.

"ಕಾಕಾ, ಇದನ್ನ ತೆಗದ್ರ ನಾ ಪೊಲೀಸರಿಗೆ ಹೇಳಬೇಕಾಗತೈತಿ. ನನ್ನ ನೌಕರಿ ಅದಽ."

"ಓಹೋ! ನಮ್ಮ ಕೇರ್ಯಾಗ ಆಡಿ ಬೆಳದಾಕಿ, ನಮಗ ಪೊಲೀಸರನ್ನ ತೋರಸ್ತಿ?"

ಹೆಂಗಸರ ಗುಂಪಿನಲ್ಲಿ ಗುಸುಗುಸು ಎದ್ದಿತು. ಪೊಲೀಸರ ಮಾತು ಬರಬಾರದಿತ್ತು. ಅದುವರೆಗೆ ನಕ್ಕವರು ಈಗ ಸಿಟ್ಟಾದರು. ಮಧುಶ್ರೀಯ ಕಣ್ಣು ತುಂಬಿದವು. ಅವಳು ರಕ್ತ, ರಾಸಾಯನಿಕ, ವರ್ಷಗಟ್ಟಲೆ ಎಂದು ಮತ್ತೆ ಹೇಳಲು ಹೋದಳು, ಯಾರೂ ಕೇಳುತ್ತಿರಲಿಲ್ಲ. ನನಗೆ ಒಂದು ಮಾತು ನೆನಪಾಯಿತು. ಶನಿವಾರ ಅವಳು ಹೇಳುವಾಗ ನಡುವೆ ಬಂದು ಹೋದ ಮಾತು.

"ಮಧು, ಆ ಬೆಂಕಿ ಗಾಡಿ ತೊಳದದ್ದು ಹೇಳು," ಅಂದೆ. "ಹಳೇ ನೊರಿ ತೆಗದ ಮ್ಯಾಲ ಗಾಡಿ ಟಾಕಿ ಎಷ್ಟು ನೀರು ತೊಳದ್ರಿ?"

"ಮೂರು ನೀರು," ಅಂದಳು ಕಣ್ಣೊರೆಸಿಕೊಳ್ಳುತ್ತ.

ಮೂರು ನೀರು ಅನ್ನುವುದು ಅಲ್ಲಿದ್ದ ಎಲ್ಲರ ಮಾತು. ಕೌದಿಗೆ ಮೂರು ನೀರು. ಮೊದಲನೆಯದು ಹೊಲಸು ಬಿಡಲಿಕ್ಕೆ, ಎರಡನೆಯದು ಸಾಬೂನು ಬಿಡಲಿಕ್ಕೆ, ಮೂರನೆಯದು ಕಣ್ಣಿಗೆ ಕಾಣದ್ದು ಬಿಡಲಿಕ್ಕೆ. ಮೂರನೆಯ ನೀರು ತಿಳಿಯಾಗಿ ಬಂದರೆ ಅದನ್ನು ಮೆಣಸಿನ ಗಿಡಕ್ಕೆ ಹಾಕುವವರೂ ಉಂಟು.

"ಮೂರನೇ ನೀರು ಹೆಂಗಿತ್ತು?"

"ಸ್ವಚ್ಛ ಇತ್ತು ಅತ್ತಿ. ನಮ್ಮ ನಳದ ನೀರಿದ್ದಂಗ."

"ಅದನ್ನ ಎಲ್ಲೆ ಚೆಲ್ಲಿದ್ರಿ?"

"ಚೆಲ್ಲಲಿಲ್ಲ. ಅದನ್ನೂ ಡ್ರಮ್ಮಿಗೆ ತುಂಬಿ ಬೀಗ ಹಾಕಿದ್ವಿ. ಅಲ್ಲೆ ನೋಡ್ರಿ, ಕಡೀ ಎರಡು ಡ್ರಮ್ಮು, ಬರೇ ತೊಳದ ನೀರು ಅವು."

ಗುಸುಗುಸು ನಿಂತಿತು. ಶಾಕೀರಾ ತಲೆಯ ಗಂಟನ್ನು ಇಳಿಸಿ ಕೊನೆಯ ಡ್ರಮ್ಮಿನ ಹತ್ತಿರ ಹೋದಳು. ಬೆರಳಿನಿಂದ ಡ್ರಮ್ಮನ್ನು ಬಡಿದಳು.

"ಮೂರನೇ ನೀರಿಗೆ ಬೀಗ?" ಅಂದಳು. "ಶಿದ್ಲಿಂಗಪ್ಪ, ವಿಮಾನದಂಥಾದ್ದು ಇಟಗೊಂಡ ಮಂದಿ, ಎಕರೆಗಟ್ಟಲೆ ಜಾಗ ಇರೂ ಮಂದಿ, ಮೂರನೇ ನೀರು ತಮ್ಮ ಅಂಗಳದಾಗ ಚೆಲ್ಲಲಿಲ್ಲಂತ. ನೀ ನಮಗ ಒಂದನೇ ನೀರಿಗೂ ಮೊದಲಿಂದು ತಂದಿ."

"ಅದು ನನಗ ಹೆಂಗ ಗೊತ್ತಾಗಬೇಕು?"

"ಈಗ ಗೊತ್ತಾತಲ್ಲ."

ಅವಳು ಸೆರಗು ಸಿಕ್ಕಿಸಿ ಆ ಡ್ರಮ್ಮಿನ ಮೇಲೆ ಹತ್ತಲು ನೋಡಿದಳು, ಆಗಲಿಲ್ಲ. ಬೈದುಕೊಳ್ಳುತ್ತ ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೇ ಕುಳಿತಳು. ಆಮೇಲೆ ಇನ್ನಿಬ್ಬರು ಬಂದು ಕುಳಿತರು. ಎಲ್ಲರೂ ಅಲ್ಲ. ಜಯಾ, ಮತ್ತು ಅವಳ ಹಿಂದೆ ಹತ್ತು ಹದಿನೈದು ಮಂದಿ, ನಮಗೆ ಕೇಳುವಂತೆ ಬಯ್ಯುತ್ತ ಆಚೆ ತೂಬಿನ ಕಡೆ ಹೋಗಿ ಅಂಗಡಿಯ ಸಾಬೂನಿನಿಂದಲೇ ತೊಳೆದರು. ಬೈಯಲಿ. ಸಾಬೂನು ಅಂಗಡಿಯದಿತ್ತು, ನನಗೆ ಅಷ್ಟು ಸಾಕಿತ್ತು.

ಮಂಗಳವಾರವೂ ಕುಳಿತೆ. ಬೆಳಿಗ್ಗೆ ಎಂಟರ ಸುಮಾರಿಗೆ ಮಧುಶ್ರೀಯ ಸಾಹೇಬರು ಫೋನು ಮಾಡಿದರು. ಗುತ್ತಿಗೆದಾರನಿಗೆ ನೋಟಿಸು ಹೋಗಿದೆ, ಹೊಸ ಗಾಡಿ ಗೊತ್ತು ಮಾಡಲು ಎಂಟು ಹತ್ತು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಡ್ರಮ್ಮುಗಳು ಅಲ್ಲೇ ಇರಲಿ ಅಂದರು. ಮಧುಶ್ರೀ ಫೋನಿನ ಬಾಯಿಗೆ ಕೈ ಮುಚ್ಚಿ ನನ್ನ ಮುಖ ನೋಡಿದಳು.

"ಇಲ್ಲೆ ಇಡಾಕ ಇದು ಅವರ ಹಿತ್ತಲೇನು?" ಅಂದೆ. "ಇವತ್ತ ಬರ್ತೇವಿ ಅಂತ ಹೇಳು."

"ಅತ್ತಿ, ಹಂಗ ಒಯ್ಯಾಕ ಬರಂಗಿಲ್ಲ, ಅದಕ್ಕ ಕಾಗದ ಬೇಕು, ನಿಯಮ ಐತಿ."

"ಬರುವಾಗ ಯಾವ ಕಾಗದ ಇತ್ತು? ಕೇಳು ಅವರಿಗೆ."

ಅವಳು ಕೇಳಿದಳು. ಸಾಹೇಬರು, ಹಾಗಾದರೆ ನೀನೇ ಮುಂದೆ ನಿಂತು ನೆಟ್ಟಗೆ ಬಿಗಿದು ತೆಗೆದುಕೊಂಡು ಬಾ, ಕಾಗದ ಫೋನಿಗೆ ಕಳಿಸುತ್ತೇನೆ ಅಂದರಂತೆ.

ಶಾಕೀರಾಳ ತಮ್ಮ ಅಕೀಬ ಟ್ರ್ಯಾಕ್ಟರ್ ತಂದ. "ನೀ ಇಳಿಸಿದಿ, ನೀನ ಏರಸು," ಅಂತ ಶಾಕೀರಾ ಅಂದದ್ದಕ್ಕೆ ಶಿದ್ಲಿಂಗಪ್ಪ ಹಲಗೆ ಹಚ್ಚಿ, ನಾಲ್ಕು ಮಂದಿ ಕರೆದು ಏಳೂ ಡ್ರಮ್ಮು ಟ್ರಾಲಿಗೆ ಏರಿಸಿದ. ಮಧುಶ್ರೀ ಒಂದೊಂದರ ಬಿರಡೆ ತಿರುವಿ ನೋಡಿ, ಹಗ್ಗ ಬಿಗಿಸಿದಳು.

ಉಳಿದದ್ದು ನನ್ನ ಅಂಗಳದ ಬುಟ್ಟಿ.

ಮೂರು ದಿನದಿಂದ ಕೌದಿ ಅದರಲ್ಲೇ ಇತ್ತು. ಜಾಲಿಸಬೇಕೆಂದರೆ ಕೆರೆಗೆ ಒಯ್ಯಬೇಕು. ಅಂಗಳದಲ್ಲಿ ಜಾಲಿಸಿದರೆ ಆ ನೀರು ಗಟಾರ ಹಿಡಿದು ಕೆರೆಗೇ ಹೋಗುತ್ತದೆ. ಊರಿನವರಿಗೆ ಮೂರನೇ ನೀರಿನ ಮಾತು ಹೇಳಿದವಳು ನಾನು. ಮಧುಶ್ರೀ, "ಅತ್ತಿ, ಒಂದು ಕೌದಿದೇನು, ನೋಡೂಣು, ಕೇಳಿ ನೋಡತೇನಿ..." ಅಂದಳು. ಅವಳೂ ಅವ್ವನ ಆ ಕೆಂಪು ಸೆರಗಿನ ಮೇಲೆ ಮಲಗಿ ಬೆಳೆದವಳು.

"ಏನೂ ಕೇಳಬ್ಯಾಡ," ಅಂದೆ.

ಶಾಕೀರಾ ತನ್ನ ಮನೆಯೊಳಗೆ ಹೋಗಿ ಜೋಳ ತುಂಬುವ ಡ್ರಮ್ಮನ್ನು ಉರುಳಿಸಿಕೊಂಡು ಬಂದಳು. ಅಗಲ ಬಾಯಿಯದು, ಬಿಗಿ ಮುಚ್ಚಳ. ಜೋಳವನ್ನೆಲ್ಲ ನೆಲಕ್ಕೆ ಸುರಿದು ಬಂದಿದ್ದಳು. ಮಧುಶ್ರೀ ಇಬ್ಬರಿಗೂ ರಬ್ಬರಿನ ಕೈಗವಸು ಹಾಕಿಸಿದಳು. ನಾನು ಈ ತುದಿ ಹಿಡಿದೆ, ಶಾಕೀರಾ ಆ ತುದಿ. ಎತ್ತಿದೆವು. ನೀರು ಬುಟ್ಟಿಗೆ ಧಾರೆಯಾಗಿ ಸುರಿಯಿತು. ಕೈ ತಾನಾಗಿಯೇ ಬಲಕ್ಕೆ ಹೊರಳಿತು. ಶಾಕೀರಾಳದೂ.

"ಹಿಂಡಬ್ಯಾಡ," ಅಂದೆ.

"ಗೊತ್ತೈತಿ," ಅಂದಳು. ಆದರೂ ಸ್ವಲ್ಪ ಹೊತ್ತು ಇಬ್ಬರೂ ಹಾಗೇ ನಿಂತಿದ್ದೆವು.

ಕೌದಿಯನ್ನು ಮಡಚದೆ ಡ್ರಮ್ಮಿಗೆ ಇಳಿಸಿದೆವು. ಬುಟ್ಟಿಯ ನೀರನ್ನು ತಂಬಿಗೆಯಿಂದ ತುಂಬಿ ತುಂಬಿ ಅದರ ಮೇಲೇ ಹಾಕಿದೆವು. ಬುಟ್ಟಿ ಒರೆಸಿದ ಬಟ್ಟೆಯನ್ನು, ಶುಕ್ರವಾರ ನಾನು ಹಿಡಿದ ಕೊಡವನ್ನು ಹಾಕಿ, ತುಳಸಿಯ ಬುಡದ ನೊರೆ ಬಿದ್ದ ಮಣ್ಣನ್ನೂ ಕೆತ್ತಿ ಹಾಕಿದೆವು. ಕೆಂಪು ಸೆರಗಿನ ಒಂದು ಮೂಲೆ ಕೊನೆಯವರೆಗೂ ಮೇಲೆ ಕಾಣುತ್ತಿತ್ತು. ಮುಚ್ಚಳ ನಾನೇ ಹಾಕಿದೆ.

ವಿಮಾನ ನಿಲ್ದಾಣ ಟ್ರ್ಯಾಕ್ಟರಿಗೆ ಅರ್ಧ ದಿನದ ದಾರಿ. ನಾನು ಮತ್ತು ಶಾಕೀರಾ ಟ್ರಾಲಿಯ ಮೂಲೆಯಲ್ಲಿ, ಮಧುಶ್ರೀ ಡ್ರಮ್ಮುಗಳ ನಡುವೆ, ಮುಂದೆ ಅಕೀಬ, ಅವನ ಪಕ್ಕದ ಮಡ್‌ಗಾರ್ಡಿನ ಮೇಲೆ ಶಿದ್ಲಿಂಗಪ್ಪ. ಅವನನ್ನು ಯಾರೂ ಕರೆದಿರಲಿಲ್ಲ. ತಾನಾಗಿಯೇ ಬಂದು ಕುಳಿತಿದ್ದ.

ಗೇಟಿನ ಕಾವಲುಗಾರ ಟ್ರ್ಯಾಕ್ಟರ್ ಒಳಗೆ ಬಿಡುವುದಿಲ್ಲವೆಂದ. ಮಧುಶ್ರೀ ಒಳಗೆ ಹೋಗಿ ಸಾಹೇಬರನ್ನು ಕರೆತಂದಳು. ಕನ್ನಡಕದ, ಸಣಕಲು ಮನುಷ್ಯ. ಕೈಯಲ್ಲಿ ಪಟ್ಟಿಯಿತ್ತು. ಡ್ರಮ್ಮುಗಳನ್ನು ಮುಟ್ಟಿ ಮುಟ್ಟಿ ಎಣಿಸಿದರು.

"ಏಳು ಸರಿ. ಇದು ಎಂಟನೇದು ಏನು?"

"ಕೌದಿ," ಅಂದೆ.

"ಕೌದಿನಾ? ಅಜ್ಜಿ, ಕೌದಿ ನಮ್ಮ ಪಟ್ಟಿಯಲ್ಲಿಲ್ಲ. ನಮ್ಮದಲ್ಲದ್ದನ್ನು ನಾವು ತಗೊಳ್ಳೋಕೆ ಆಗಲ್ಲ."

"ಕೌದಿ ನಂದು. ಅದರಾಗ ಹೊಕ್ಕಿದ್ದು ನಿಮ್ದು. ನಿಮ್ದನ್ನ ಬಿಡಿಸಿಕೊಳ್ಳಾಕ ಬರ್ತೈತೇನು? ಬಂದ್ರ ಬಿಡಿಸಿಕೊಂಡು ಕೌದಿ ಕೊಡ್ರಿ, ನಾ ಒಯ್ತೇನಿ."

ಅವರು ಮಧುಶ್ರೀಯ ಕಡೆ ನೋಡಿದರು.

"ಸರ್, ನಮ್ಮತ್ತಿ ಎರಡು ದಿನ ಡ್ರಮ್ಮಿನ ಮ್ಯಾಲ ಕುಂತಾಳ್ರಿ," ಅಂದಳು ಅವಳು. "ಇಲ್ಲೂ ಕುಂದ್ರತಾಳ್ರಿ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಪಟ್ಟಿಯ ಕೆಳಗೆ ಪೆನ್ನಿನಿಂದ ಒಂದು ಸಾಲು ಸೇರಿಸಿದರು. ಅಚ್ಚಾದ ಚೀಟಿಗಳನ್ನು ತಂದು ಏಳು ಡ್ರಮ್ಮಿಗೆ ಅಂಟಿಸಿದರು. ಅದೇ ಇಂಗ್ಲಿಷು. ಎಂಟನೆಯದಕ್ಕೆ ಚೀಟಿ ಇರಲಿಲ್ಲ. ಏನು ಬರೆಯಲಿ ಎಂದು ದಪ್ಪ ಮಸಿಪೆನ್ನು ಹಿಡಿದು ನಿಂತರು.

"ಕೊಡ್ರಿ ಇಲ್ಲೆ," ಅಂದೆ.

ನನ್ನ ಅಕ್ಷರ ದೊಡ್ಡವು, ನಿಧಾನ. ಅಕೀಬ ಬಿಸಿಲಿಗೆ ನಿಂತು ಬೇಸತ್ತ. ಬರೆದೆ: ಕೌದಿ. ತೊಳೆಯಬಾರದು. ಎಲ್ಲಿಯೂ ಚೆಲ್ಲಬಾರದು. ಅದರ ಕೆಳಗೆ ಉಡಚವ್ವ ಎಂದು ಬರೆದೆ, ಊರಿನ ಹೆಸರು ಬರೆದೆ, ನನ್ನ ಫೋನಿನ ನಂಬರು ಬರೆದೆ.

"ನಂಬರ್ ಯಾಕಜ್ಜಿ?"

"ನಿಮ್ಮ ಹೊಸಾ ಲಾರಿಯಂವ ಇನ್ಯಾವುದರೆ ದಾಬಾದಾಗ ನಿಂತು ಚೆಲ್ಲಾಕ ಜಾಗ ಕೇಳಿದ್ರ, ಅಲ್ಲಿ ಮಂದಿಗೆ ಓದಾಕ ಬರಬೇಕಲ್ಲ. ನನಗ ಫೋನ್ ಮಾಡತಾರ. ನಾ ಬರ್ತೇನಿ."

ಅಷ್ಟು ಹೇಳಿ ಪಕ್ಕದ ಡ್ರಮ್ಮಿಗೆ ಹೋದೆ.

"ಅಜ್ಜಿ, ಅವುಗಳ ಮೇಲೆ ಬರೆಯೋ ಹಾಗಿಲ್ಲ. ಅವಕ್ಕೆ ಚೀಟಿ ಇದೆ."

"ಇರಲಿ ಬಿಡ್ರಿ," ಅಂದಳು ಶಾಕೀರಾ, ನಾನು ಬೀಳದಂತೆ ಬೆನ್ನಿಗೆ ಕೈ ಕೊಟ್ಟು.

ಸಾಹೇಬರು ಮತ್ತೆ ಬೇಡವೆನ್ನುವ ಹೊತ್ತಿಗೆ ನಾನು ಮೂರನೆಯ ಡ್ರಮ್ಮಿನ ಮೇಲೆ ಬರೆಯುತ್ತಿದ್ದೆ.